ಪತಾಕಾಸ್ಥಾನಕ, ಗಂಡ, ಜನಾಂತಿಕ: ಸಂಸ್ಕೃತ ನಾಟಕದ ಪರಿಭಾಷೆಯನ್ನು ಪಠ್ಯದಲ್ಲಿ ಗುರುತಿಸುವುದು ಹೇಗೆ?

ತೆರೆಮರೆ:
ಕಾಳಿದಾಸನ ಶಾಕುಂತಲ, ಭವಭೂತಿಯ ಉತ್ತರರಾಮಚರಿತ, ಭಟ್ಟನಾರಾಯಣನ ವೇಣೀಸಂಹಾರ – ಈ ಮೂರು ಸಂಸ್ಕೃತ ನಾಟಕಗಳ ಆಯ್ದ ಅಂಕಗಳನ್ನು ಕನ್ನಡದಲ್ಲಿ ರಂಗವಾಚನಕ್ಕೆ ಸಿದ್ಧಪಡಿಸುವಾಗ ಪ್ರತಿಯ ಅಂಚಿನಲ್ಲಿ ಏನೇನು ಗುರುತು ಹಾಕಬೇಕು ಎನ್ನುವುದು ಪ್ರಶ್ನೆ. ನಾಲ್ಕು ಕಡೆ ಗೊಂದಲವಿದೆ.

ಸ್ವಗತ, ಜನಾಂತಿಕ, ಅಪವಾರಿತ ಇವು ಮೂರನ್ನೂ ಅನುವಾದಗಳಲ್ಲಿ ‘ತನ್ನಲ್ಲಿ’ ಎಂದು ಒಂದೇ ಮಾಡಿಬಿಡುವುದು ಸರಿಯೇ? ವಿಷ್ಕಂಭ, ಪ್ರವೇಶಕ ಎಂಬ ಕಿರುದೃಶ್ಯಗಳನ್ನು ಬೇರೆ ಮಾಡುವುದು ಪಾತ್ರದಿಂದಲೋ ಭಾಷೆಯಿಂದಲೋ? ಪತಾಕಾಸ್ಥಾನಕ ಎಂದರೆ ಗ್ರೀಕ್ ನಾಟಕದ ಚರ್ಚೆಯಲ್ಲಿ ಬರುವ ನಾಟಕೀಯ ವ್ಯಂಗ್ಯವೇ? ಪದ್ಯ ಬಂದಾಗ ಗಣ ಹಾಕಿ ನೋಡಲೇಬೇಕೆ, ಅದರಿಂದ ಓದುವವರಿಗೆ ಏನು ಸಿಗುತ್ತದೆ? ಗೊತ್ತಿರುವವರು ಉದಾಹರಣೆ ಸಮೇತ ಬರೆಯಿರಿ.

ನೇಪಥ್ಯ:
ಮೊದಲ ಪ್ರಶ್ನೆ ಹಿಡಿಯುತ್ತೇನೆ. ಒಂದೇ ಮಾಡುವುದು ತಪ್ಪು. ಧನಂಜಯನ ನಾಟ್ಯಲಕ್ಷಣ ಗ್ರಂಥವಾದ ದಶರೂಪಕ ಇಟ್ಟಿರುವ ವಿಂಗಡಣೆ ‘ಯಾರಿಗೆ ಕೇಳಿಸುತ್ತದೆ’ ಎಂಬ ಒಂದೇ ಪ್ರಶ್ನೆಯ ಮೇಲೆ ನಿಂತಿದೆ. ಎಲ್ಲರಿಗೂ ಕೇಳಿಸುವುದು ಪ್ರಕಾಶ. ರಂಗದ ಮೇಲೆ ಯಾರಿಗೂ ಕೇಳಿಸದ್ದು ಸ್ವಗತ, ಆತ್ಮಗತ ಅಂದರೂ ಅದೇ. ಕೆಲವರಿಗಷ್ಟೇ ಕೇಳಿಸುವುದು ನಿಯತಶ್ರಾವ್ಯ. ಅದರಲ್ಲೇ ಜನಾಂತಿಕ, ಅಪವಾರಿತ ಎಂದು ಎರಡು.

ಜನಾಂತಿಕದಲ್ಲಿ ಇಬ್ಬರು ಪರಸ್ಪರ ಮಾತಾಡುತ್ತಾರೆ, ಉಳಿದವರನ್ನು ತ್ರಿಪತಾಕ ಹಸ್ತದಿಂದ ಮರೆಮಾಡುತ್ತಾರೆ. ಬೆರಳುಗಳನ್ನು ನೇರವಾಗಿ ಜೋಡಿಸಿ ಹಿಡಿದ ಪತಾಕ ಹಸ್ತದಲ್ಲಿ ಉಂಗುರದ ಬೆರಳನ್ನು ಮಾತ್ರ ಮಡಿಸಿದರೆ ತ್ರಿಪತಾಕ. ಅಪವಾರಿತದಲ್ಲಿ ನಟ ಮೈ ತಿರುಗಿಸಿ ಗುಟ್ಟನ್ನು ಹೇಳುತ್ತಾನೆ. ಅಂದರೆ ಒಂದರಲ್ಲಿ ಕೈ ಕೆಲಸ ಮಾಡುತ್ತದೆ, ಇನ್ನೊಂದರಲ್ಲಿ ಮೈ. ವಾಚನದ ಪ್ರತಿಯಲ್ಲಿ ಇವೆರಡನ್ನೂ ‘ತನ್ನಲ್ಲಿ’ ಎಂದು ಬರೆದರೆ ಎದುರು ನಟನಿಗೆ ತಾನು ಕೇಳಿಸಿಕೊಳ್ಳಬೇಕೋ ಬೇಡವೋ ತಿಳಿಯುವುದಿಲ್ಲ. ಮುಂದಿನ ಮಾತಿನ ಮುಖಭಾವ ಕೆಡುವುದು ಅಲ್ಲಿಂದಲೇ.

ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತ ಸಖಿಯರ ಮುಂದೆ ಬಂದಾಗ ‘ಇವನನ್ನು ನೋಡಿ ತಪೋವನಕ್ಕೆ ಸಲ್ಲದ ವಿಕಾರ ನನಗೇಕೆ’ ಎಂದು ಶಕುಂತಲೆ ಅಂದುಕೊಳ್ಳುವುದು ಆತ್ಮಗತ. ‘ಗಂಭೀರವಾಗಿಯೂ ಚತುರವಾಗಿಯೂ ಕಾಣುವ ಇವನು ಯಾರಿರಬಹುದು’ ಎಂದು ಪ್ರಿಯಂವದೆ ಅನಸೂಯೆಯನ್ನು ಕೇಳುವುದು ಜನಾಂತಿಕ. ಒಂದೇ ದೃಶ್ಯ, ಒಂದೇ ಮನುಷ್ಯನ ಬಗ್ಗೆ ಮಾತು, ಕೇಳುಗರು ಮಾತ್ರ ಬೇರೆ.

ಐದನೇ ಅಂಕ ಇನ್ನೂ ಸೂಕ್ಷ್ಮ. ರಾಜ ಗುರುತಿಸದೆ ಹೋದಾಗ ‘ಅಂಥ ಅನುರಾಗವೇ ಹೀಗಾದ ಮೇಲೆ ನೆನಪಿಸಿ ಏನು ಫಲ’ ಎಂದು ಅವಳು ಹೇಳುವುದಕ್ಕೆ ಅಪವಾರ್ಯ ಎಂಬ ಸೂಚನೆ ಇದೆ. ಕೂಡಲೇ ಪ್ರಕಾಶವಾಗಿ ‘ಆರ್ಯಪುತ್ರ’ ಎಂದು ಶುರುಮಾಡಿ, ಮಾತು ಅರ್ಧಕ್ಕೇ ನಿಲ್ಲಿಸಿ, ಆ ಸಂಬೋಧನೆಯೇ ಈಗ ಸಂಶಯಕ್ಕೆ ಬಿದ್ದಿದೆ ಎಂದು ‘ಪೌರವ’ ಎಂದು ಕರೆಯುತ್ತಾಳೆ. ಗಂಡನನ್ನು ಕರೆಯುವ ಹೆಸರು ಬಿಟ್ಟು ವಂಶದ ಹೆಸರಿಗೆ ಬಂದದ್ದು. ಇದಕ್ಕೆ ಅಲಂಕಾರಶಾಸ್ತ್ರದಲ್ಲಿ ಹೆಸರು ಹುಡುಕುವುದಕ್ಕಿಂತ, ಆ ಎರಡು ಸಂಬೋಧನೆಗಳ ಅಡಿಗೆ ಗೆರೆ ಎಳೆದು ನಡುವೆ ವಿರಾಮದ ಗುರುತು ಹಾಕುವುದು ಮುಖ್ಯ. ಎರಡನ್ನೂ ‘ಪ್ರಭು’ ಎಂದು ಅನುವಾದಿಸಿದರೆ ದೃಶ್ಯದ ಬೆನ್ನೆಲುಬೇ ಮುರಿಯುತ್ತದೆ.

ಇನ್ನೊಂದು, ಆಕಾಶಭಾಷಿತ. ರಂಗದ ಮೇಲಿಲ್ಲದವರೊಡನೆ ಮಾತು, ‘ಏನಂದೆ?’ ಎಂದು ತಾನೇ ಕೇಳಿ ಅವರ ಉತ್ತರವನ್ನೂ ತಾನೇ ಹೇಳುವುದು. ಮೂರನೇ ಅಂಕದ ಆರಂಭದಲ್ಲಿ ದರ್ಭೆ ಹಿಡಿದು ಬರುವ ಶಿಷ್ಯ ‘ಪ್ರಿಯಂವದೆ, ಈ ಲಾವಂಚದ ಲೇಪ ಯಾರಿಗೆ?’ ಎಂದು ಕೇಳುವುದು ಹೀಗೆ. ಅಲ್ಲಿ ಪ್ರಿಯಂವದೆಯ ಪಾತ್ರಧಾರಿಯನ್ನು ಕರೆತಂದು ನಿಲ್ಲಿಸಬೇಡಿ. ಕಿವಿಗೊಟ್ಟಂತೆ ಅಭಿನಯಿಸಲು ಜಾಗ ಬಿಟ್ಟರೆ ಸಾಕು.

ಮಲ್ಲಿಗೆಬಳ್ಳಿ:
ಹಾಗಾದರೆ ನಾಲ್ಕನೇ ಅಂಕದ ಆರಂಭ? ಅನಸೂಯೆ ಪ್ರಿಯಂವದೆ ಇಬ್ಬರೂ ಪ್ರಾಕೃತದಲ್ಲೇ ಮಾತಾಡುತ್ತಾರೆ. ಪ್ರಾಕೃತ ಇದ್ದರೆ ಪ್ರವೇಶಕ ಎಂದು ಪಾಠದಲ್ಲಿ ಹೇಳಿಕೊಡುತ್ತಾರೆ. ಪುಸ್ತಕದಲ್ಲಿ ಮಾತ್ರ ವಿಷ್ಕಂಭ ಎಂದಿದೆ.

ನೇಪಥ್ಯ:
ಪಾತ್ರದ ಮಟ್ಟ ಮೊದಲು, ಭಾಷೆ ಆಮೇಲೆ. ಬರೀ ನೀಚಪಾತ್ರಗಳಿದ್ದರೆ ಪ್ರವೇಶಕ. ಮಧ್ಯಮ ಪಾತ್ರಗಳಿದ್ದರೆ ವಿಷ್ಕಂಭ, ಮಧ್ಯಮರೂ ನೀಚರೂ ಬೆರೆತರೆ ಮಿಶ್ರ ವಿಷ್ಕಂಭ. ಇಲ್ಲಿ ನೀಚ ಎಂಬುದು ಸಮಾಜದ ದರ್ಜೆಯ ಪಾರಿಭಾಷಿಕ ಪದ, ಬೈಗುಳವಲ್ಲ. ಹೆಣ್ಣು ಪಾತ್ರಗಳಿಗೆ ಪ್ರಾಕೃತ ಸಾಮಾನ್ಯ ನಿಯಮವಾದ್ದರಿಂದ, ಕಣ್ವಾಶ್ರಮದ ಸಖಿಯರು ಪ್ರಾಕೃತ ಆಡಿದ ಮಾತ್ರಕ್ಕೆ ಕೆಳಗಿಳಿಯುವುದಿಲ್ಲ. ಆರನೇ ಅಂಕದ ಬೆಸ್ತ ಮತ್ತು ಕಾವಲುಗಾರರದು ಪ್ರವೇಶಕ. ಜೊತೆಗೆ ಪ್ರವೇಶಕ ಎರಡು ಅಂಕಗಳ ನಡುವೆಯೇ ಬರಬೇಕು, ನಾಟಕದ ಮೊದಲಿಗೆ ಬರುವಂತಿಲ್ಲ. ವಿಷ್ಕಂಭಕ್ಕೆ ಆ ಕಟ್ಟು ಇಲ್ಲ.

ಇವೆರಡೂ ಅರ್ಥೋಪಕ್ಷೇಪಕಗಳು: ರಂಗದ ಮೇಲೆ ತೋರಿಸದೆ ತಿಳಿಸಬೇಕಾದ್ದನ್ನು ತಿಳಿಸುವ ಸಾಧನ. ಒಟ್ಟು ಐದು – ವಿಷ್ಕಂಭ, ಪ್ರವೇಶಕ, ಚೂಲಿಕೆ, ಅಂಕಾಸ್ಯ, ಅಂಕಾವತಾರ. ಚೂಲಿಕೆ ಎಂದರೆ ತೆರೆಯ ಹಿಂದಿನಿಂದ ಬರುವ ಸೂಚನೆ. ನಾಲ್ಕನೇ ಅಂಕದಲ್ಲಿ ದುರ್ವಾಸನ ಶಾಪ ತೆರೆಯ ಹಿಂದಿನಿಂದಲೇ ಬರುವುದು. ದುರ್ವಾಸನನ್ನು ರಂಗಕ್ಕೆ ತಂದು ಜಟೆ ಕುಣಿಸುವ ಪ್ರಯೋಗಗಳಲ್ಲಿ ಕಳೆದುಹೋಗುವುದು ಇದೇ: ಶಾಪ ಕೊಟ್ಟವನೂ ಕಾಣುವುದಿಲ್ಲ, ಶಾಪಕ್ಕೆ ಗುರಿಯಾದವಳೂ ಕಾಣುವುದಿಲ್ಲ, ಅವಳಿಗೆ ಕೇಳಿಸುವುದೂ ಇಲ್ಲ. ಕಾಣುವುದು ಹೂ ಬಿಡಿಸುತ್ತಿರುವ ಇಬ್ಬರು ಗೆಳತಿಯರು ಮಾತ್ರ.

ಲಘುಗುರು:
ಶಾಪದ ಪದ್ಯದಿಂದಲೇ ಗಣದ ಪ್ರಶ್ನೆಗೆ ಬರೋಣ.

ವಿಚಿಂತಯಂತೀ ಯಮನನ್ಯಮಾನಸಾ
ತಪೋಧನಂ ವೇತ್ಸಿ ನ ಮಾಮುಪಸ್ಥಿತಂ
ಸ್ಮರಿಷ್ಯತಿ ತ್ವಾಂ ನ ಸ ಬೋಧಿತೋಽಪಿ ಸನ್
ಕಥಾಂ ಪ್ರಮತ್ತಃ ಪ್ರಥಮಂ ಕೃತಾಮಿವ

ಬೇರೆಲ್ಲ ಮರೆತು ಯಾರನ್ನು ನೆನೆಯುತ್ತಾ ಬಂದು ನಿಂತ ತಪಸ್ವಿ ನನ್ನನ್ನು ಗಮನಿಸಲಿಲ್ಲವೋ, ಅವನು ನೆನಪಿಸಿದರೂ ನಿನ್ನನ್ನು ನೆನೆಯಲಾರ, ಮತ್ತೇರಿದವನು ತಾನು ಮೊದಲು ಆಡಿದ ಮಾತನ್ನು ನೆನೆಯದಂತೆ ಎಂದು ಅರ್ಥ. ಒಂದು ಪಾದಕ್ಕೆ 12 ಅಕ್ಷರ. ವಿ-ಚಿಂ-ತ, ಯಂ-ತೀ-ಯ, ಮ-ನ-ನ್ಯ, ಮಾ-ನ-ಸಾ ಎಂದು ಮೂರು ಮೂರು ಬಿಡಿಸಿ. ಲಘು-ಗುರು-ಲಘು ಜಗಣ, ಗುರು-ಗುರು-ಲಘು ತಗಣ, ಮತ್ತೆ ಜಗಣ, ಕೊನೆಗೆ ಗುರು-ಲಘು-ಗುರು ರಗಣ. ಜ-ತ-ಜ-ರ ಬಂದರೆ ವಂಶಸ್ಥ. ತಪ್ಪುವುದು ಮೂರನೇ ಗಣದಲ್ಲಿ: ‘ಮ-ನ-ನ್ಯ’ದ ‘ನ’ ಹ್ರಸ್ವವಾದರೂ ಮುಂದೆ ‘ನ್ಯ’ ಒತ್ತಕ್ಷರ ಇರುವುದರಿಂದ ಗುರು. ಒತ್ತಕ್ಷರ ತಾನೇ ಗುರುವಾಗುವುದಿಲ್ಲ, ಹಿಂದಿನದನ್ನು ಗುರು ಮಾಡುತ್ತದೆ. ಬೇರೆ ಪದದ ಆರಂಭದಲ್ಲಿದ್ದರೂ ಸಂಸ್ಕೃತದಲ್ಲಿ ಹಾಗೆಯೇ: ಮೂರನೇ ಪಾದದ ‘ಸ್ಮರಿಷ್ಯತಿ ತ್ವಾಂ’ನಲ್ಲಿ ‘ತಿ’ ಗುರುವಾಗುವುದು ‘ತ್ವಾಂ’ನಿಂದ. ಅದನ್ನು ಲಘು ಎಂದು ಎಣಿಸಿದರೆ ಎರಡನೇ ಗಣ ಹಳಿ ತಪ್ಪುತ್ತದೆ. ಪಾದಾಂತ್ಯದ ಲಘುವನ್ನು ಬೇಕಿದ್ದರೆ ಗುರು ಎಂದು ಹಿಡಿಯಬಹುದು. ಇಲ್ಲಿ ಕೊನೆಯ ‘ವ’ ಹಾಗೆಯೇ.

ಕನ್ನಡದ ಅಭ್ಯಾಸದಿಂದ ಬಂದವರಿಗೆ ಒಂದು ಎಚ್ಚರ. ಹಳಗನ್ನಡದಲ್ಲಿ ಶಿಥಿಲದ್ವಿತ್ವ ಇದೆ. ಕೆಲವು ಪದಗಳಲ್ಲಿ ರ, ಳ, ೞ ಸೇರಿದ ಒತ್ತು ಹಿಂದಿನ ಅಕ್ಷರವನ್ನು ಭಾರ ಮಾಡದೆ ತೇಲಿಹೋಗುತ್ತದೆ. ಆ ರಿಯಾಯಿತಿಯನ್ನು ಸಂಸ್ಕೃತ ಪದ್ಯಕ್ಕೆ ಒಯ್ಯಬಾರದು.

ಇದರಿಂದ ಓದುವವರಿಗೆ ಸಿಗುವುದೇನು? ಶ್ಲೋಕದ ಓಟದ ಅನುಷ್ಟುಪ್ಪಲ್ಲೋ ಶಾರ್ದೂಲದ ಘರ್ಜನೆಯಲ್ಲೋ ಬರಬಹುದಾಗಿದ್ದ ಶಾಪ 12 ಅಕ್ಷರದ ಬಿಗಿಯಲ್ಲಿ ಬಂದಿದೆ. ಮೂರನೇ ಪಾದದಲ್ಲಿ ‘ನ’ ಹತ್ತಿರ ಒತ್ತು ಕೊಟ್ಟು ನಿಧಾನಿಸಿ, ನಾಲ್ಕನೆಯದನ್ನು ಒಂದೇ ಉಸಿರಿಗೆ ಮುಗಿಸಬೇಕು. ಯಾಕೆಂದರೆ ನಾಲ್ಕನೇ ಪಾದದಲ್ಲಿ ಪೂರ್ಣೋಪಮೆ ಇದೆ: ಉಪಮೇಯ ದುಷ್ಯಂತ, ಉಪಮಾನ ಮತ್ತೇರಿದವನು, ಸಮಾನಧರ್ಮ ತಾನೇ ಆಡಿದ್ದನ್ನು ನೆನೆಯದಿರುವುದು, ವಾಚಕ ‘ಇವ’. ನಾಲ್ಕು ಅಂಗವೂ ಇದೆ. ಆ ಉಪಮೆಯೇ ಐದನೇ ಅಂಕದ ಕಥಾಸಾರ.

ಇದೇ ಅಂಕದಲ್ಲಿ ಕಣ್ವನ ‘ಯಾಸ್ಯತ್ಯದ್ಯ ಶಕುಂತಲೇತಿ ಹೃದಯಂ ಸಂಸ್ಪೃಷ್ಟಮುತ್ಕಂಠಯಾ’ ಶಾರ್ದೂಲವಿಕ್ರೀಡಿತ: ಮ-ಸ-ಜ-ಸ-ತ-ತ-ಗ, 19 ಅಕ್ಷರ, 12ರ ಮೇಲೆ ಯತಿ, ಅಂದರೆ ನಿಲುಗಡೆ. ‘ಶಕುಂತಲೆ ಇಂದು ಹೋಗುತ್ತಾಳೆಂದು ಹೃದಯವನ್ನು ಕಳವಳ ಮುಟ್ಟಿದೆ’ ಎಂದು ಅರ್ಥ. ಯತಿ ‘ಹೃದಯಂ’ ಆದ ಮೇಲೆ ಬೀಳುತ್ತದೆ. ಅಲ್ಲಿ ಉಸಿರು ತೆಗೆದುಕೊಂಡು ‘ಸಂಸ್ಪೃಷ್ಟಮ್’ ಎತ್ತಿದರೆ ಗಂಟಲು ಕಟ್ಟಿದ ತಂದೆ ತಾನಾಗಿ ಕಾಣುತ್ತಾನೆ. ಯತಿಯನ್ನು ತುಳಿದು ಓಡಿದರೆ ಪಾಠ ಒಪ್ಪಿಸಿದಂತಾಗುತ್ತದೆ.

ಕಂದಪ್ರಿಯೆ:
ಕನ್ನಡಕ್ಕೆ ತರುವಾಗ ಯತಿ ಉಳಿಯುವುದಿಲ್ಲವಲ್ಲ. ‘ಯತಿವಿಲಂಘನದಿಂದರಿದಲ್ತೆ ಕನ್ನಡಂ’ ಎಂಬ ಹಳೆಯ ಮಾತೇ ಇದೆ. ಶಾಕುಂತಲವನ್ನು ಕನ್ನಡಕ್ಕೆ ತಂದ ಬಸವಪ್ಪ ಶಾಸ್ತ್ರಿಗಳ ದಾರಿಯಲ್ಲಿ ವೃತ್ತ, ಕಂದಗಳಲ್ಲೇ ಅನುವಾದಿಸಿದರೆ ಆದಿಪ್ರಾಸ ಬೇರೆ ಸೇರುತ್ತದೆ.

ಲಘುಗುರು:
ಹೌದು, ಅಲ್ಲಿ ಲೆಕ್ಕ ಬದಲಾಗುತ್ತದೆ. ಅಕ್ಷರವೃತ್ತದಲ್ಲಿ ಪಾದದ ಮೊದಲಕ್ಷರ ಗುರುವೋ ಲಘುವೋ ವೃತ್ತವೇ ತೀರ್ಮಾನಿಸಿರುತ್ತದೆ, ಆದ್ದರಿಂದ ಪ್ರಾಸಕ್ಕೆ ಎರಡನೇ ಅಕ್ಷರದ ವ್ಯಂಜನ ಕಾಯ್ದರೆ ಬಹುಪಾಲು ಮುಗಿಯಿತು. ಕಂದದಲ್ಲಿ ಮೊದಲಕ್ಷರ ಎರಡೂ ಆಗಬಹುದು; ನಾಲ್ಕು ಸಾಲಿಗೂ ಅದನ್ನು ಒಂದೇ ತೂಕಕ್ಕೆ ತರಬೇಕು.

ಮಾತ್ರೆಯ ಲೆಕ್ಕ ನೋಡಿ. ಸಂಸ್ಕೃತ ನಾಟಕದ ಆರ್ಯೆ ಎಂಬ ಮಾತ್ರಾಛಂದಸ್ಸು 12, 18, 12, 15 – ಒಟ್ಟು 57. ಕಂದ 12, 20, 12, 20 – ಒಟ್ಟು 64. ಆರ್ಯೆಯನ್ನು ಕಂದಕ್ಕೆ ಇಳಿಸಿದರೆ ಕೈಯಲ್ಲಿ 7 ಮಾತ್ರೆ ಮಿಗುತ್ತದೆ. ವಿಭಕ್ತಿ, ಕ್ರಿಯಾಪದಗಳ ಉದ್ದಕ್ಕೆ ಅದು ಬೇಕೇ ಬೇಕು, ಆದರೆ ಬಹಳ ಕಡೆ ‘ಗಡಾ’, ‘ದಲ್’, ‘ಆವಗಂ’ ಸೇರಿ ಅದನ್ನು ತಿಂದುಬಿಡುತ್ತವೆ. ಅಂಥ ಪಾದಪೂರಣಗಳನ್ನು ವಾಚನದ ಪ್ರತಿಯಲ್ಲಿ ಗುರುತಿಸಿ, ಧ್ವನಿ ಅವುಗಳ ಮೇಲೆ ನಿಲ್ಲದಂತೆ ನೋಡಿಕೊಳ್ಳಬೇಕು.

ನೇಪಥ್ಯ:
ಆರ್ಯೆಯ ಮಾತು ಬಂದದ್ದಕ್ಕೆ ಭಾಸನ ಸ್ವಪ್ನವಾಸವದತ್ತದ ಮೊದಲ ಪದ್ಯ ನೆನಪಾಯಿತು:

ಉದಯನವೇಂದುಸವರ್ಣಾವಾಸವದತ್ತಾಬಲೌ ಬಲಸ್ಯ ತ್ವಾಂ
ಪದ್ಮಾವತೀರ್ಣಪೂರ್ಣೌ ವಸಂತಕಮ್ರೌ ಭುಜೌ ಪಾತಾಂ

ಬಲರಾಮನ ತೋಳುಗಳು ನಿನ್ನನ್ನು ಕಾಯಲಿ ಎಂಬುದು ಮೇಲಿನ ಅರ್ಥ. ಒಳಗೆ ಉದಯನ, ವಾಸವದತ್ತಾ, ಪದ್ಮಾವತೀ, ವಸಂತಕ – ನಾಲ್ಕು ಪಾತ್ರಗಳ ಹೆಸರು ಅಡಗಿದೆ. ಇದು ಮುದ್ರಾಲಂಕಾರ. ಹೆಸರುಗಳು ಪದಗಳ ಗಡಿ ದಾಟಿ ಹುಟ್ಟುತ್ತವೆ: ‘ಉದಯ-ನವ-ಇಂದು’ ಒಂದೇ ಸಮಾಸವಾದಾಗ ಉದಯನ, ‘ಸವರ್ಣೌ’ ಎಂಬುದರ ಔ ಮುಂದಿನ ಸ್ವರದೊಡನೆ ‘ಆವ್’ ಆದಾಗ ವಾಸವದತ್ತಾ. ಹಾಗಾಗಿ ಇಲ್ಲಿ ಪದ ಬಿಡಿಸಿ ಮುದ್ರಿಸಿದರೆ ಅಲಂಕಾರವೇ ಕಾಣೆಯಾಗುತ್ತದೆ. ಭಾಸನ ಹೆಸರಿನ 13 ನಾಟಕಗಳಲ್ಲಿ ‘ನಾಂದ್ಯಂತೇ ತತಃ ಪ್ರವಿಶತಿ ಸೂತ್ರಧಾರಃ’, ಅಂದರೆ ನಾಂದಿ ಮುಗಿದ ಮೇಲೆ ಸೂತ್ರಧಾರ ಬರುತ್ತಾನೆ ಎಂಬ ಸೂಚನೆ ಮೊದಲು, ಆಮೇಲೆ ಪದ್ಯ. ಸೂತ್ರಧಾರನ ಆರಂಭದ ಮಾತುಕತೆಯಾದ ಪ್ರಸ್ತಾವನೆಯ ಜಾಗದಲ್ಲಿ ಸಾಮಾನ್ಯವಾಗಿ ಸ್ಥಾಪನಾ ಎಂಬ ಪದ. ಕಾಳಿದಾಸನಲ್ಲಿ ಪದ್ಯ ಮೊದಲು. ರಂಗದಲ್ಲಿ ಇದರರ್ಥ, ಭಾಸನ ಮಂಗಳಪದ್ಯವನ್ನು ಸೂತ್ರಧಾರ ಪ್ರೇಕ್ಷಕರ ಕಣ್ಣೆದುರೇ ಹೇಳುತ್ತಾನೆ.

ತೆರೆಮರೆ:
ಇವೆಲ್ಲ ಗುರುತು ಹಾಕಿಕೊಂಡೆ. ಪತಾಕಾಸ್ಥಾನಕ ಇನ್ನೂ ಉಳಿದಿದೆ.

ಗೂಢಾರ್ಥ:
ಅದೇ ಈ ಚರ್ಚೆಯ ನಡುಗಂಬ, ಸ್ವಲ್ಪ ಉದ್ದ ಬರೆಯುತ್ತೇನೆ.

ದಶರೂಪಕದ ಪ್ರಕಾರ ಒಂದರ ಬಗ್ಗೆ ಆಡಿದ ಮಾತು ಮುಂದೆ ಬರಲಿರುವ ಇನ್ನೊಂದನ್ನು ಸೂಚಿಸಿದರೆ ಪತಾಕಾಸ್ಥಾನಕ. ಧನಂಜಯ ಎರಡು ಬಗೆ ಹೇಳುತ್ತಾನೆ: ಸನ್ನಿವೇಶ ಹೋಲುವುದು, ವಿಶೇಷಣ ಹೋಲುವುದು. ಭರತನ ನಾಟ್ಯಶಾಸ್ತ್ರ, ವಿಶ್ವನಾಥನ ಸಾಹಿತ್ಯದರ್ಪಣಗಳಲ್ಲಿ ನಾಲ್ಕು ಬಗೆ. ವಿಶೇಷಣ ಹೋಲುವುದಕ್ಕೆ ದಶರೂಪಕದ ವ್ಯಾಖ್ಯಾನಕಾರ ಧನಿಕ ಕೊಡುವುದು ಹರ್ಷನ ರತ್ನಾವಳಿಯ ಎರಡನೇ ಅಂಕದ ‘ಉದ್ದಾಮೋತ್ಕಲಿಕಾಂ’ ಪದ್ಯ. ಉದಯನ ತೋಟದ ಬಳ್ಳಿಯನ್ನು ವರ್ಣಿಸುತ್ತಾನೆ. ಉತ್ಕಲಿಕೆ ಎಂದರೆ ಮೊಗ್ಗು, ಹಂಬಲ ಕೂಡ. ಜೃಂಭೆ ಎಂದರೆ ಅರಳುವುದು, ಆಕಳಿಕೆ ಕೂಡ. ಶ್ವಸನ ಎಂದರೆ ಗಾಳಿ, ನಿಟ್ಟುಸಿರು ಕೂಡ. ಬೇರೊಬ್ಬ ಹೆಣ್ಣನ್ನು ನೋಡಿದಂತೆ ಈ ಬಳ್ಳಿಯನ್ನು ನೋಡಿ ರಾಣಿಯ ಮುಖವನ್ನು ಕೋಪದಿಂದ ಕೆಂಪಾಗಿಸುತ್ತೇನೆ ಎನ್ನುತ್ತಾನೆ. ಅವನಿಗೆ ಅದು ವಿನೋದ, ಆದರೆ ಆ ಅಂಕದಲ್ಲೇ ಅವನು ಒಲಿಯುವ ಸಾಗರಿಕೆ ಸಿಗುತ್ತಾಳೆ, ರಾಣಿಗೆ ಕೋಪ ಬಂದೇ ಬರುತ್ತದೆ. ಬರೀ ಶ್ಲೇಷ ಎಂದು ಅಂಚಿನಲ್ಲಿ ಬರೆದರೆ ಅರ್ಧ ಹೇಳಿದಂತೆ. ಶ್ಲೇಷ ಪದ್ಯದೊಳಗಿನ ಸಂಗತಿ. ಪತಾಕಾಸ್ಥಾನಕವನ್ನು ನಿಲ್ಲಿಸುವುದು ಕಥೆಯಲ್ಲಿ ಮುಂದೇನಾಗುತ್ತದೆ ಎನ್ನುವುದು. ನಮಗೆ ಈ ನಾಟಕದ ನಂಟು ಹಳೆಯದು: ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯನ ಮಿತ್ರವಿಂದಾ ಗೋವಿಂದ, ಸಿಕ್ಕಿರುವ ಕನ್ನಡ ನಾಟಕಗಳಲ್ಲಿ ಮೊದಲನೆಯದು, ರತ್ನಾವಳಿಯನ್ನೇ ಕೃಷ್ಣಕಥೆಗೆ ಹೊಂದಿಸಿದ್ದು.

ಈಗ ಗಂಡ ಎಂಬ ಪರಿಭಾಷೆ. ಇದು ವೀಥಿ ಎಂಬ ರೂಪಕದ ಅಂಗಗಳಲ್ಲಿ, ಅಂದರೆ ವೀಥ್ಯಂಗಗಳಲ್ಲಿ ಒಂದು: ನಡೆಯುತ್ತಿರುವ ಮಾತಿಗೆ ಬೇರೆ ಅರ್ಥದ ಮಾತೊಂದು ಹಠಾತ್ತನೆ ಬಂದು ತಗುಲಿಕೊಳ್ಳುವುದು. ಧನಿಕನ ಉದಾಹರಣೆ ಉತ್ತರರಾಮಚರಿತದ ಮೊದಲ ಅಂಕ. ತೋಳಿನ ಮೇಲೆ ಸೀತೆ ಮಲಗಿದ್ದಾಳೆ. ‘ಇಯಂ ಗೇಹೇ ಲಕ್ಷ್ಮೀಃ’ ಎಂದು ಶುರುವಾದ ಶಿಖರಿಣಿಯನ್ನು ರಾಮ ‘ಇವಳದ್ದು ಯಾವುದು ತಾನೇ ಪ್ರಿಯವಲ್ಲ, ಸಹಿಸಲಾಗದ್ದು ವಿರಹ ಮಾತ್ರ’ ಎಂದು ಮುಗಿಸುತ್ತಾನೆ. ಆ ಕ್ಷಣಕ್ಕೆ ಪ್ರತೀಹಾರಿ, ಅಂದರೆ ಬಾಗಿಲು ಕಾಯುವವಳು, ಒಳಬಂದು ‘ದೇವ, ಉಪಸ್ಥಿತಃ’ (ಬಂದಿದ್ದಾನೆ) ಎನ್ನುತ್ತಾಳೆ. ಬಂದವನು ಸೀತೆಯ ಬಗೆಗಿನ ಲೋಕಾಪವಾದ ತಿಳಿಸಲಿರುವ ಗೂಢಚಾರ ದುರ್ಮುಖ. ಪ್ರೇಕ್ಷಕರ ಕಿವಿಯಲ್ಲಿ ಬಂದದ್ದು ವಿರಹ.

ವೇಣೀಸಂಹಾರದ ಎರಡನೇ ಅಂಕದಲ್ಲೂ ಇದೇ ಹೊಲಿಗೆ. ದುರ್ಯೋಧನ ಭಾನುಮತಿಗೆ ನೀನು ಕೂರಲು ನನ್ನ ತೊಡೆಗಳೇ ಸಾಕು ಎಂದು ಹೇಳಿ ಬಾಯಿ ಮುಚ್ಚುವ ಮೊದಲೇ ಅಂತಃಪುರದ ಮುದುಕ ಅಧಿಕಾರಿ ಕಂಚುಕಿ: ‘ದೇವ, ಭಗ್ನಂ ಭಗ್ನಂ’ (ಮುರಿಯಿತು, ಮುರಿಯಿತು). ಯಾರಿಂದ? ‘ಭೀಮೇನ’. ಯಾರದು? ‘ಭವತಃ’ (ನಿಮ್ಮದು). ಆಮೇಲೆ ಬಿಡಿಸಿ ಹೇಳುತ್ತಾನೆ – ಭೀಮ, ಅಂದರೆ ಭೀಕರವಾದ, ಗಾಳಿಗೆ ನಿಮ್ಮ ರಥದ ಧ್ವಜ ಮುರಿಯಿತು. ಸಾಹಿತ್ಯದರ್ಪಣ ಈ ಭಾಗವನ್ನು ಪತಾಕಾಸ್ಥಾನಕದ ಚರ್ಚೆಗೂ ತರುತ್ತದೆ, ಗಂಡಕ್ಕೂ ತರುತ್ತದೆ. ಆದ್ದರಿಂದ ಒಂದು ಜಾಗಕ್ಕೆ ಒಂದೇ ಹೆಸರು ಎಂದು ಹಟ ಹಿಡಿಯಬೇಡಿ. ನನ್ನ ಕೆಲಸದ ಸೂತ್ರ ಇದು: ಎರಡನೆಯ ಅರ್ಥ ಒಬ್ಬನೇ ಆಡಿದ ಮಾತಿನೊಳಗಿದ್ದರೆ ಪತಾಕಾಸ್ಥಾನಕ ಎಂದು ಬರೆಯುತ್ತೇನೆ, ಇಬ್ಬರ ಮಾತು ಡಿಕ್ಕಿಯಾದಾಗ ಹುಟ್ಟಿದರೆ ಗಂಡ ಎಂದು ಬರೆಯುತ್ತೇನೆ. ಎರಡನೆಯದಕ್ಕೆ ಪ್ರವೇಶದ ಹೊತ್ತು ಅತಿ ಮುಖ್ಯ. ಪ್ರತೀಹಾರಿ ಬಾಗಿಲ ಬಳಿ ಮೊದಲೇ ನಿಂತಿರಬೇಕು, ‘ವಿರಹಃ’ ಮುಗಿದ ಕೂಡಲೇ, ನಡುವೆ ಒಂದು ಉಸಿರಿನ ತೆರಪೂ ಇಲ್ಲದೆ ಹೇಳಬೇಕು. ವಂದಿಸಿ ನಡೆದುಬಂದು ಹೇಳಿದರೆ ಪದಗಳೆಲ್ಲ ಇರುತ್ತವೆ, ಗಂಡ ಇರುವುದಿಲ್ಲ.

ನಾಟಕೀಯ ವ್ಯಂಗ್ಯ ಇದಕ್ಕಿಂತ ಅಗಲವಾದ ಪರಿಕಲ್ಪನೆ. ಸೋಫೋಕ್ಲಿಸನ ಈಡಿಪಸ್ ಕೊಲೆಗಾರನಿಗೆ ಶಾಪ ಹಾಕುವಾಗ ಅವನೇ ಅದು ಎಂದು ಪ್ರೇಕ್ಷಕರಿಗೆ ಗೊತ್ತು. ಅಲ್ಲಿ ಎರಡರ್ಥದ ಪದ ಇರಲೇಬೇಕೆಂದಿಲ್ಲ, ತಿಳಿವಿನ ಅಂತರ ಸಾಕು. ಪತಾಕಾಸ್ಥಾನಕಕ್ಕೆ ಮಾತಿನಲ್ಲೋ ಸನ್ನಿವೇಶದಲ್ಲೋ ಹೋಲಿಕೆಯ ಕೊಂಡಿ ಬೇಕು. ಒಂದರ ಬದಲು ಇನ್ನೊಂದನ್ನು ಬಳಸಿದರೆ ಈ ಕೊಂಡಿ ಮರೆತುಹೋಗುತ್ತದೆ.

ಕಂದಪ್ರಿಯೆ:
ಅನುವಾದದಲ್ಲಿ ಆ ಕೊಂಡಿ ಕಳಚುವುದು ಲಿಂಗದಿಂದ. ಸಂಸ್ಕೃತದಲ್ಲಿ ವಿರಹಃ ಪುಲ್ಲಿಂಗ, ಉಪಸ್ಥಿತಃ ಪುಲ್ಲಿಂಗ, ದುರ್ಮುಖಃ ಪುಲ್ಲಿಂಗ, ಅದಕ್ಕೇ ಒಂದು ಪದ ಎರಡಕ್ಕೂ ಒಗ್ಗಿತು. ಪ್ರತೀಹಾರಿಯ ಪ್ರಾಕೃತದ ‘ಉವತ್ಥಿದೋ’ಗೂ ಇದೇ ಅನುಕೂಲ. ಕನ್ನಡದಲ್ಲಿ ವಿರಹ ನಪುಂಸಕ, ‘ಬಂದಿದೆ’ ಆಗಬೇಕು; ದುರ್ಮುಖನಾದರೆ ‘ಬಂದಿದ್ದಾನೆ’. ‘ದೇವ, ಬಂದಿದ್ದಾನೆ’ ಎಂದ ಕೂಡಲೇ ವಿರಹದ ಅರ್ಥ ಸತ್ತಿತು. ಲಿಂಗ ತೋರದ ರೂಪ ಬೇಕು: ‘ದೇವ, ಆಗಮನವಾಗಿದೆ’, ಇಲ್ಲವೇ ಇನ್ನೂ ಚಿಕ್ಕದಾಗಿ ‘ಬಾಗಿಲಲ್ಲೇ, ದೇವ’. ಎರಡನೆಯದು ರಂಗಕ್ಕೆ ಚೆನ್ನ.

ವೇಣೀಸಂಹಾರದಲ್ಲಿ ಕ್ರಿಯಾಪದ ಸಲೀಸು: ತೊಡೆಯೂ ಧ್ವಜವೂ ‘ಮುರಿಯಿತು’. ಕಷ್ಟ ‘ಭೀಮೇನ’ದಲ್ಲಿ. ಸಂಸ್ಕೃತದಲ್ಲಿ ವಿಶೇಷಣಕ್ಕೂ ವಿಭಕ್ತಿ ಹತ್ತುವುದರಿಂದ ‘ಭೀಮೇನ’ ಒಂಟಿಯಾಗಿ ನಿಂತು, ‘ಮರುತಾ’ ಆಮೇಲೆ ಬರಬಹುದು. ಕನ್ನಡದಲ್ಲಿ ‘ಇಂದ’ ಹತ್ತುವುದು ಕೊನೆಯ ನಾಮಪದಕ್ಕೆ ಮಾತ್ರ. ‘ಭೀಮನಿಂದ’ ಎಂದರೆ ಗಾಳಿಗೆ ಹಿಂತಿರುಗಲು ದಾರಿಯಿಲ್ಲ. ಆಗ ಮಾತನ್ನೇ ತುಂಡರಿಸಬೇಕು:

– ಮುರಿಯಿತು, ದೇವ, ಮುರಿಯಿತು!
– ಯಾರಿಂದ?
– ಭೀಮ...
– ಏನೆಂದೆ?
– ಭೀಮಮಾರುತದಿಂದ, ನಿಮ್ಮ ರಥದ ಧ್ವಜ.

ಮುದುಕ ಕಂಚುಕಿಗೆ ಏದುಸಿರು ಸಹಜವಾದ್ದರಿಂದ ತುಂಡುಮಾತು ಒಪ್ಪುತ್ತದೆ.

ಮಲ್ಲಿಗೆಬಳ್ಳಿ:
ಶಾಕುಂತಲದ ಏಳನೇ ಅಂಕದ ‘ಶಕುಂತಲಾವಣ್ಯ’ ಇದೇ ಜಾತಿಯದೇ?

ಗೂಢಾರ್ಥ:
ಹತ್ತಿರದ್ದು. ತಾಪಸಿ ಮಣ್ಣಿನ ನವಿಲು ತೋರಿಸಿ ಮಗುವಿಗೆ ‘ಶಕುಂತ-ಲಾವಣ್ಯ ನೋಡು’, ಅಂದರೆ ಹಕ್ಕಿಯ ಚೆಲುವು ನೋಡು ಎನ್ನುತ್ತಾಳೆ. ಮಗುವಿಗೆ ಕೇಳಿಸುವುದು ಶಕುಂತಲಾ, ‘ನನ್ನಮ್ಮ ಎಲ್ಲಿ?’ ಎನ್ನುತ್ತದೆ. ಪದವನ್ನು ಬೇರೆ ಕಡೆ ಒಡೆದಾಗ ಬೇರೆ ಅರ್ಥ ಬರುವ ಸಭಂಗ ಶ್ಲೇಷ. ದುಷ್ಯಂತನಿಗೆ ತಾಯಿಯ ಹೆಸರು ತಿಳಿಯುವುದು ಈ ಒಡಕಿನಿಂದ. ಕನ್ನಡಕ್ಕೆ ಇದು ಅದೃಷ್ಟ, ಎರಡೂ ತತ್ಸಮ ಪದ, ಹಾಗೇ ಉಳಿಸಿಕೊಳ್ಳಬಹುದು. ‘ಹಕ್ಕಿಯ ಚೆಲುವು’ ಎಂದು ತಿಳಿಗನ್ನಡ ಮಾಡಿದರೆ ಮಗುವಿನ ಪ್ರಶ್ನೆ ಎಲ್ಲಿಂದಲೋ ಬಿದ್ದಂತಾಗುತ್ತದೆ. ಅರ್ಥ ತಿಳಿಸಲೆಂದು ನಾನು ಇಲ್ಲಿ ಹಾಕಿದ ಅಡ್ಡಗೆರೆಯನ್ನು ನಟರ ಪ್ರತಿಯಲ್ಲಿ ಹಾಕಬೇಡಿ, ಹಾಕಿದರೆ ಅಲ್ಲಿ ನಿಲ್ಲಿಸಿಬಿಡುತ್ತಾರೆ.

ಲಘುಗುರು:
ಅಲಂಕಾರ ಗುರುತಿಸುವಲ್ಲಿ ಪದೇ ಪದೇ ತಪ್ಪುವ ಇನ್ನೊಂದು ಜಾಗ ಶಾಕುಂತಲದ ಮೊದಲ ಅಂಕದ ‘ಸರಸಿಜಮನುವಿದ್ಧಂ’. ಮಾಲಿನೀ ವೃತ್ತ, ನ-ನ-ಮ-ಯ-ಯ, 15 ಅಕ್ಷರ, ಎಂಟರ ಮೇಲೆ ಯತಿ. ಪಾಚಿ ಸುತ್ತಿದರೂ ತಾವರೆ ರಮ್ಯ; ಕಲೆ ಇದ್ದರೂ ಚಂದ್ರನಿಗೆ ಅದು ಶೋಭೆ; ನಾರುಮಡಿಯಲ್ಲೂ ಇವಳು ಇನ್ನಷ್ಟು ಚೆಲುವೆ. ಇದನ್ನು ದೃಷ್ಟಾಂತ ಎನ್ನುವವರಿದ್ದಾರೆ. ದೃಷ್ಟಾಂತದಲ್ಲಿ ಎರಡು ವಾಕ್ಯಗಳ ಧರ್ಮ ಬೇರೆ ಬೇರೆಯಾಗಿದ್ದು ಬಿಂಬ-ಪ್ರತಿಬಿಂಬದಂತೆ ಹೊಂದಬೇಕು. ಇಲ್ಲಿ ಮೂರರಲ್ಲೂ ಧರ್ಮ ಒಂದೇ, ಚೆಲುವಾಗಿರುವುದು. ಪದ ಮಾತ್ರ ಬೇರೆ. ಆದ್ದರಿಂದ ಪ್ರತಿವಸ್ತೂಪಮೆ. ನಾಲ್ಕನೇ ಪಾದ ‘ಮಧುರವಾದ ಆಕೃತಿಗೆ ಯಾವುದು ತಾನೇ ಒಡವೆಯಲ್ಲ’ – ಸಾಮಾನ್ಯದಿಂದ ವಿಶೇಷವನ್ನು ಸಮರ್ಥಿಸುವ ಅರ್ಥಾಂತರನ್ಯಾಸ. ಒಂದೇ ಪದ್ಯದಲ್ಲಿ ಎರಡು. ದುಷ್ಯಂತ ಮರೆಯಲ್ಲಿ ನಿಂತು ಹೇಳುವುದರಿಂದ ಕೊನೆಯ ಪಾದ ಅವನು ತನ್ನನ್ನು ತಾನೇ ಒಪ್ಪಿಸಿಕೊಳ್ಳುವ ತರ್ಕದಂತೆ ಕೇಳಬೇಕು, ಸುಭಾಷಿತದಂತೆ ಅಲ್ಲ.

ಅದೇ ಅಂಕದ ‘ಸತಾಂ ಹಿ ಸಂದೇಹಪದೇಷು ವಸ್ತುಷು’ ಕೂಡ ಹಾಗೆಯೇ. ಸಜ್ಜನರಿಗೆ ಸಂಶಯದಲ್ಲಿ ಅಂತಃಕರಣವೇ ಪ್ರಮಾಣ ಎಂದು ಗೋಡೆಗೆ ಬರೆದಿಡುವ ಮಾತಾಗಿದೆ ಅದು. ನಾಟಕದಲ್ಲಿ ಅದನ್ನು ಆಡುವವನು ಋಷಿಕನ್ಯೆಯನ್ನು ಬಯಸಿದ್ದಕ್ಕೆ ಸಮರ್ಥನೆ ಹುಡುಕುತ್ತಿರುವ ರಾಜ. ಮುಂದೆ ಐದನೇ ಅಂಕದಲ್ಲಿ ಇದೇ ಅಂತಃಕರಣ ಅವನಿಗೆ ಸಾಕ್ಷಿ ಹೇಳದೆ ಹೋಗುತ್ತದೆ.

ತೆರೆಮರೆ:
ಪ್ರಸ್ತಾವನೆಯ ಬಗೆಗಳ ಬಗ್ಗೆ? ಶಾಕುಂತಲದ್ದನ್ನು ಒಂದು ಕಡೆ ಪ್ರಯೋಗಾತಿಶಯ, ಇನ್ನೊಂದು ಕಡೆ ಅವಲಗಿತ ಎಂದು ಬರೆದಿದ್ದಾರೆ.

ನೇಪಥ್ಯ:
ಎರಡಕ್ಕೂ ಆಧಾರ ಇದೆ. ‘ನಿನ್ನ ಹಾಡು ನನ್ನನ್ನು ಸೆಳೆದೊಯ್ದಿತು, ಜಿಂಕೆ ಈ ರಾಜ ದುಷ್ಯಂತನನ್ನು ಸೆಳೆದಂತೆ’ ಎಂದು ಸೂತ್ರಧಾರ ಹೇಳಿದ ಕೂಡಲೇ ರಾಜ ಬರುತ್ತಾನೆ. ‘ಏಷ’, ಅಂದರೆ ‘ಇಗೋ ಇವನು’ ಎಂದು ತೋರಿಸಿ ಪ್ರವೇಶ ಮಾಡಿಸಿದ್ದರಿಂದ ಧನಿಕನಿಗೆ ಅದು ಪ್ರಯೋಗಾತಿಶಯ. ಹಾಡಿನ ಹೊಗಳಿಕೆ ಎಂಬ ಒಂದು ಕೆಲಸದಲ್ಲೇ ಪಾತ್ರಪ್ರವೇಶ ಎಂಬ ಇನ್ನೊಂದೂ ಆಗಿದ್ದರಿಂದ ಸಾಹಿತ್ಯದರ್ಪಣದ ವಿಶ್ವನಾಥನಿಗೆ ಅವಲಗಿತ. ಯಾವ ಗ್ರಂಥದ ಪ್ರಕಾರ ಎಂದು ಪಕ್ಕದಲ್ಲಿ ಬರೆದರೆ ಜಗಳವಿಲ್ಲ. ನನಗೆ ಮುಖ್ಯ ಕಾಣುವುದು, ಹಾಡು ಕೇಳಿ ಯಾವ ನಾಟಕ ಆಡಬೇಕೆಂಬುದನ್ನೇ ಸೂತ್ರಧಾರ ಮರೆತಿದ್ದಾನೆ, ನಟಿ ನೆನಪಿಸುತ್ತಾಳೆ. ಮರೆವಿನ ನಾಟಕ ಮರೆವಿನಿಂದಲೇ ಶುರುವಾಗುತ್ತದೆ.

ವಿಶಾಖದತ್ತನ ಮುದ್ರಾರಾಕ್ಷಸದ್ದು ಉದ್ಘಾತ್ಯಕ ಎಂಬ ಬಗೆ. ಕ್ರೂರಗ್ರಹ ಕೇತುವಿನೊಡನೆ ಚಂದ್ರನನ್ನು ಮುತ್ತಲು ಬಯಸಿದೆ ಎಂದು ಸೂತ್ರಧಾರ ಗ್ರಹಣದ ಮಾತು ಆಡುತ್ತಿರುವಾಗ ತೆರೆಯ ಹಿಂದಿನಿಂದ ಚಾಣಕ್ಯ ‘ನಾನು ಬದುಕಿರುವಾಗ ಚಂದ್ರಗುಪ್ತನನ್ನು ಮುತ್ತುವವನಾರು’ ಎಂದು ಗುಡುಗುತ್ತಾನೆ. ಚಂದ್ರ ಎಂದರೆ ಚಂದ್ರಗುಪ್ತ, ಕೇತು ಎಂದರೆ ಅವನ ಎದುರಾಳಿ ಮಲಯಕೇತು ಎಂದು ಬೇರೆ ಅರ್ಥ ಹಿಡಿದವನು ಅವನು. ವೇಣೀಸಂಹಾರದಲ್ಲಿ ಸೂತ್ರಧಾರ ಕೌರವರು ಸ್ವಸ್ಥರಾಗಿರಲಿ ಎಂದು ಹರಸಿದರೆ ಭೀಮ ‘ನಾನು ಬದುಕಿರುವಾಗ ಸ್ವಸ್ಥರೇ?’ ಎಂದು ಅದೇ ವಾಕ್ಯ ಹಿಡಿದು ಬರುತ್ತಾನೆ, ಅದು ಕಥೋದ್ಘಾತ. ಸ್ವಸ್ಥ ಎಂಬುದಕ್ಕೆ ಸ್ವರ್ಗದಲ್ಲಿರುವವರು ಎಂಬ ಅರ್ಥವೂ, ‘ರಕ್ತ’ಕ್ಕೆ ಅನುರಾಗ, ನೆತ್ತರು ಎರಡೂ, ‘ಕ್ಷತವಿಗ್ರಹ’ಕ್ಕೆ ಯುದ್ಧ ಮುಗಿಸಿದವರು, ಮೈ ಗಾಯಗೊಂಡವರು ಎರಡೂ ಇವೆ. ಭೀಮ ಕೋಪಿಸಿಕೊಳ್ಳುವುದು ಮೇಲಿನ ಅರ್ಥಕ್ಕೆ, ನಾಟಕ ನಡೆಯುವುದು ಒಳಗಿನ ಅರ್ಥದಂತೆ.

ಮಲ್ಲಿಗೆಬಳ್ಳಿ:
ಸಂಧಿಗಳನ್ನೂ, ಅಂದರೆ ಕಥೆ ಬೆಳೆಯುವ ಹಂತಗಳನ್ನೂ, ಪ್ರತಿಯಲ್ಲಿ ಗುರುತಿಸಬೇಕೇ?

ಗೂಢಾರ್ಥ:
ಐದು ಸಂಧಿ ಸಾಕು. ಅವುಗಳ ಒಳವಿಭಾಗಗಳಾದ 64 ಸಂಧ್ಯಂಗಗಳನ್ನೂ ಹಚ್ಚಲು ಹೋದರೆ ಅಂಚು ತುಂಬುತ್ತದೆ, ಓದುವವರಿಗೆ ಉಪಯೋಗವಿಲ್ಲ. ಶಾಕುಂತಲದ ಹಂಚಿಕೆಯಲ್ಲೂ ಒಮ್ಮತವಿಲ್ಲ. ಸಾಹಿತ್ಯದರ್ಪಣಕ್ಕೆ ನಾಲ್ಕನೇ ಅಂಕದಿಂದ ಏಳನೆಯದರಲ್ಲಿ ಗುರುತು ಸಿಗುವ ತನಕ ವಿಮರ್ಶ ಎಂಬ ನಾಲ್ಕನೇ ಸಂಧಿ. ಐದನೇ ಅಂಕದಲ್ಲಿ ಆಶ್ರಮದ ಹಿರಿಯಳಾದ ಗೌತಮಿ ಶಕುಂತಲೆಯ ಮುಸುಕು ಸರಿಸುವವರೆಗೆ ಮೂರನೆಯದಾದ ಗರ್ಭ, ಅಲ್ಲಿಂದಾಚೆಗೆ ವಿಮರ್ಶ ಎನ್ನುವ ಹಂಚಿಕೆಯೂ ಬಳಕೆಯಲ್ಲಿದೆ. ರಂಗಕ್ಕೆ ನಾನು ಎರಡನೆಯದನ್ನು ಆರಿಸುತ್ತೇನೆ. ಮುಸುಕು ಸರಿಯುವುದು ಕಣ್ಣಿಗೆ ಕಾಣುವ ತಿರುವು. ಪದ್ಯಸಂಖ್ಯೆ ಹಾಕುವಾಗ ಮಾತ್ರ ಯಾವ ಹಸ್ತಪ್ರತಿ ಪರಂಪರೆಯ ಪಾಠ ಎಂದು ಬರೆಯಿರಿ. ದೇವನಾಗರೀ, ವಂಗ, ಕಾಶ್ಮೀರ, ದಾಕ್ಷಿಣಾತ್ಯ ಪಾಠಗಳಲ್ಲಿ ಎಣಿಕೆ ಬೇರೆ, ವಂಗಪಾಠದ ಮೂರನೇ ಅಂಕ ಉದ್ದ.

ತೆರೆಮರೆ:
ಆ ಮೂರನೇ ಅಂಕದ ಕೊನೆಯ ‘ಚಕ್ರವಾಕವಧು’ ಮಾತಿಗೆ ಏನು ಗುರುತು? ನೇಪಥ್ಯದಿಂದ ಬರುವುದರಿಂದ ಚೂಲಿಕೆಯೇ?

ನೇಪಥ್ಯ:
ಅದನ್ನು ಚೂಲಿಕೆ ಎನ್ನುವುದಕ್ಕೆ ನನಗೆ ಮನಸ್ಸಿಲ್ಲ, ಅದು ನಡೆದ ಕಥೆಯನ್ನು ತಿಳಿಸುವುದಿಲ್ಲ. ‘ಚಕ್ರವಾಕವಧುವೇ, ಜೊತೆಗಾರನನ್ನು ಬೀಳ್ಕೊಡು, ರಾತ್ರಿ ಬಂದಿತು’ – ಮೇಲ್ನೋಟಕ್ಕೆ ಹಕ್ಕಿಗೆ ಹೇಳಿದ್ದು, ನಿಜವಾಗಿ ಗೌತಮಿ ಬರುತ್ತಿದ್ದಾಳೆಂದು ಶಕುಂತಲೆಗೆ ಎಚ್ಚರಿಕೆ. ಅಪ್ರಸ್ತುತದ ಮೂಲಕ ಪ್ರಸ್ತುತ ಹೇಳುವ ಅನ್ಯೋಕ್ತಿ. ಐದನೇ ಅಂಕದಲ್ಲಿ ರಾಜನ ಅಂತಃಪುರದ ಹಂಸಪದಿಕೆಯ ಹಾಡೂ ಹೀಗೆಯೇ: ದುಂಬಿಗೆ, ಮಾವಿನ ಹೂಗೊಂಚಲನ್ನು ಮರೆತೆಯಾ ಎಂದು ಕೇಳುತ್ತಾಳೆ, ಅದು ತಗುಲುವುದು ರಾಜನಿಗೆ. ರಾಜ ಅರ್ಥ ಮಾಡಿಕೊಳ್ಳುವುದು ಹಂಸಪದಿಕೆಯನ್ನು ಮರೆತ ದೂರು ಎಂದು. ಪ್ರೇಕ್ಷಕರಿಗೆ ನೆನಪಾಗುವುದು ಇನ್ನೊಬ್ಬಳು.

ಗೂಢಾರ್ಥ:
ಚಕ್ರವಾಕದ ಮಾತನ್ನು ಪತಾಕಾಸ್ಥಾನಕ ಎಂದೂ ಓದಬಹುದು. ಆ ಹಕ್ಕಿಗಳು ರಾತ್ರಿ ಅಗಲುತ್ತವೆ ಎಂಬ ಕವಿಸಮಯ ಗೊತ್ತಿದ್ದವರಿಗೆ ಅದು ಬರಲಿರುವ ಅಗಲಿಕೆ. ದುಷ್ಯಂತ ಶಕುಂತಲೆ ಕಣ್ವಾಶ್ರಮದಲ್ಲಿ ಒಟ್ಟಿಗೆ ರಂಗದ ಮೇಲೆ ಕಾಣುವುದು ಅದೇ ಕೊನೆ.

ಕಂದಪ್ರಿಯೆ:
ಅನುವಾದದಲ್ಲಿ ‘ಬೀಳ್ಕೊಡು’ ಉಳಿಯಬೇಕು. ‘ಹುಷಾರು, ಯಾರೋ ಬಂದರು’ ಎಂಬ ಧಾಟಿಗೆ ಇಳಿಸಿದರೆ ಎಚ್ಚರಿಕೆ ಮಾತ್ರ ಉಳಿದು ಅಗಲಿಕೆ ಹೋಗುತ್ತದೆ. ‘ಜಕ್ಕವಕ್ಕಿ’ ಎಂಬ ಹಳೆಯ ಕನ್ನಡ ಪದ ಇದೆ, ಕಿವಿಗೂ ಒಪ್ಪುತ್ತದೆ: ‘ಜಕ್ಕವಕ್ಕಿಯ ವಧುವೇ, ಜೊತೆಗಾರನನ್ನು ಬೀಳ್ಕೊಡು. ಇರುಳಾಯಿತು.’

ನೇಪಥ್ಯ:
ಹೇಳುವವರು ರಂಗದ ಪಕ್ಕದಿಂದಲೇ, ಎತ್ತರದ ದನಿಯಲ್ಲಲ್ಲ, ಹಕ್ಕಿಯನ್ನು ಕರೆಯುವ ದನಿಯಲ್ಲಿ ಹೇಳಲಿ. ಶಕುಂತಲೆ ಮೊದಲು ತಿರುಗಲಿ, ದುಷ್ಯಂತ ಆಮೇಲೆ. ಅಂಚಿನಲ್ಲಿ ‘ಅನ್ಯೋಕ್ತಿ, ನೇಪಥ್ಯ, ಗೌತಮಿಯ ಪ್ರವೇಶಕ್ಕೆ ಮುಂಚೆ’ ಎಂದು ಬರೆದರೆ ಸಾಕು.